ಅಲ್ ಖೋರ್ ಬಸ್ಸಿನ ಗೆಲ್ಲುವ ಕುದುರೆ

ತನ್ನ ಓಟು ನಡೆಯದ ಮನುಷ್ಯನಿಗೆ ಊರವರೆಲ್ಲರ ಓಟಿನ ಚಿಂತೆ. ಅಲ್ ಖೋರ್‌ನಿಂದ ಪ್ಲಾಂಟಿಗೆ ಹೋಗುವ ನಮ್ಮ ಕಂಪೆನಿ ಬಸ್ಸಿನಲ್ಲಿ ಇಂಥ ಪ್ರಸಂಗ ನಡೆಯದ ವಾರವೇ ಇಲ್ಲ. ಕತಾರಿನಲ್ಲಿ ನಮಗೆ ಓಟಿಲ್ಲ. ಊರಿನಲ್ಲಿ ಇದೆ, ಆದರೆ ಖುದ್ದಾಗಿ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನಾನು ಇಲ್ಲಿಗೆ ಬಂದ ಮೇಲೆ ಒಂದು ಚುನಾವಣೆಗೂ ರಜೆ ಸಿಕ್ಕಿರಲಿಲ್ಲ. ಶಾಲೆಯ ಜಗಲಿಯ ಆ ಸಾಲು, ಮುಂದೆ ನಿಂತವರು ಹಿಂದೆ ತಿರುಗಿ ಮಾತಾಡಿಸುವುದು, ಇವೆಲ್ಲ ಆಗಾಗ ನೆನಪಾಗುತ್ತಿತ್ತು. ಈ ಸಲ ಹೋಗಲೇಬೇಕು ಎಂದು ರಜೆಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಅಷ್ಟರಲ್ಲಿ ಅಮೆರಿಕದ ಚುನಾವಣೆ ಬಸ್ಸು ಹತ್ತಿತು.

ಟಿಕೆಟ್ ಹಂಚಿಕೆ

ಅಮೆರಿಕದ ಒಂದು ಪಕ್ಷದಲ್ಲಿ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂದು ಪೈಪೋಟಿ ನಡೆದಿತ್ತು. ಅಲ್ಲಿ ಪಕ್ಷದ ಜನರೇ ಒಂದೊಂದು ರಾಜ್ಯದಲ್ಲೂ ಓಟು ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ ಎಂದು ನಾನು ವಿವರಿಸಿದೆ. ನನ್ನ ಪಕ್ಕದ ಸೀಟಿನವರು ಸ್ಟೋರ್ಸಿನ ಶೆಟ್ರು, ಉಡುಪಿ ಕಡೆಯವರು. ಅವರು ನಂಬಲೇ ಇಲ್ಲ. ಟಿಕೆಟಿಗಾಗಿ ಸೂಟ್‌ಕೇಸ್ ಹಿಡಿದು ದೆಹಲಿಗೆ ಹೋಗುವುದಿಲ್ಲವೇ, ಹೋಟೆಲಿನಲ್ಲಿ ಕಾಯುವುದಿಲ್ಲವೇ ಎಂದು ಕೇಳಿದರು. ಅದೇನೂ ಇಲ್ಲ ಎಂದೆ.

ಶೆಟ್ರಿಗೆ ನಿಜವಾಗಿ ಬೇಸರವಾಯಿತು. "ಹೈಕಮಾಂಡೇ ಇಲ್ಲದಿದ್ರೆ ಟಿಕೆಟ್ ಸಿಗದವರು ಬಂಡಾಯ ಏಳುವುದು ಯಾರ ಮೇಲೆ ಮಾರಾಯ್ರೆ?"

ಮದುವೆಗೂ ಸಾವಿಗೂ

ಮರುದಿನದಿಂದ ಗೆಲ್ಲುವ ಕುದುರೆ ಯಾವುದು ಎಂಬ ಚರ್ಚೆ. ಒಬ್ಬರು ಅಲ್ಲಿನ ಒಂದು ರಾಜ್ಯದ ರಾಜ್ಯಪಾಲರು, ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ಓಟಿನಲ್ಲಿ ಗೆದ್ದವರು, ಗಟ್ಟಿ ಆಸಾಮಿ. ಇನ್ನೊಬ್ಬರು ಮಹಿಳೆ, ಒಳ್ಳೆಯ ಮಾತುಗಾರ್ತಿ. ಹಿಂದಿನ ಸೀಟಿನಲ್ಲಿ ಅಕೌಂಟ್ಸಿನ ಪೊರ್ಬು ಇದ್ದರು. ಮಂಗಳೂರಿನ ಕ್ರಿಶ್ಚಿಯನ್ನರನ್ನು ನಾವು ತುಳುವರು ಕರೆಯುವುದೇ ಹಾಗೆ. ಅವರದು ಒಂದೇ ಪರೀಕ್ಷೆ: ಅಭ್ಯರ್ಥಿ ಜನರ ಮದುವೆಗೆ ಬರಬೇಕು, ಸಾವಿಗೆ ಬರಬೇಕು. ಮೂರನೆಯದು ಬೇಡ.

ಅಷ್ಟು ದೊಡ್ಡ ದೇಶದಲ್ಲಿ ಹೇಗೆ ಬರುತ್ತಾರೆ ಎಂದು ನಾನು ಕೇಳಿದೆ. ಬಾರದವರಿಗೆ ಠೇವಣಿಯೂ ಸಿಗುವುದಿಲ್ಲ ಎಂದು ಪೊರ್ಬು ಖಂಡಿತವಾಗಿ ಹೇಳಿ, ಫೋನನ್ನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. ತಂಗಿಯ ಮಗಳ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರವನ್ನು ಅವರು ಇದೇ ಬಸ್ಸಿನಲ್ಲಿ, ಫೋನಿನಲ್ಲಿ ನೋಡಿದ್ದರು. ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ನೆಟ್‌ವರ್ಕ್ ಹೋಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಹಾಗೆ ನೋಡಿದ್ರೆ ಈ ಬಸ್ಸಿನಲ್ಲಿ ಗೆಲ್ಲುವ ಜನ ಒಬ್ಬರೂ ಇಲ್ಲ."

ಮ್ಯಾನೇಜರ ಓಟು

ನಮ್ಮ ಮ್ಯಾನೇಜರು ಅಮೆರಿಕದವರು, ಅದೇ ಪಕ್ಷದವರು. ಅವರ ಮತಪತ್ರ ದೋಹಾಕ್ಕೇ ಬಂದಿತ್ತು. ಕುರ್ಚಿಯಿಂದ ಏಳದೆ, ಚಹಾ ಕುಡಿಯುತ್ತಾ ಓಟು ಹಾಕುವವರನ್ನು ನಾನು ಅದೇ ಮೊದಲು ಕಂಡದ್ದು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ನಮ್ಮ ಬಸ್ಸಿನ ಚರ್ಚೆ ಅವರ ಕಿವಿಗೂ ಬಿದ್ದಿತ್ತು. ತನಗೆ ಆ ಮಹಿಳೆ ಇಷ್ಟ, ಆದರೆ ಗೆಲ್ಲುವವರು ಯಾರು ಎಂದು ನನ್ನನ್ನು ಕೇಳಿದರು. ಶೆಟ್ರು, ಪೊರ್ಬು, ನಾನು ಕ್ಯಾಂಟೀನಿನಲ್ಲಿ ಕೂತು ಎಲ್ಲ ಅಳೆದು ಸುರಿದು, ಕಣ್ಣು ಮುಚ್ಚಿ ರಾಜ್ಯಪಾಲರಿಗೆ ಹಾಕಿ ಎಂದೆವು. ಅವರು ಹಾಗೇ ಮಾಡಿ ಕಳಿಸಿಕೊಟ್ಟರು. ಆ ವಾರವೇ ರಾಜ್ಯಪಾಲರು ಕಣದಿಂದ ಹಿಂದೆ ಸರಿದರು.

ಮ್ಯಾನೇಜರು ನನ್ನನ್ನು ಕರೆಸಿದರು. ನನ್ನ ರಜೆ ಖಲಾಸ್ ಎಂದುಕೊಂಡೇ ಒಳಗೆ ಹೋದೆ. ಅವರು ಅರ್ಜಿಗೆ ಸಹಿ ಹಾಕಿ ನನ್ನ ಕೈಗಿಟ್ಟರು. "ಹೋಗಿ ಓಟು ಹಾಕಿ ಬಾ. ಯಾರಿಗೂ ಸಲಹೆ ಮಾತ್ರ ಕೊಡಬೇಡ."

ಎರಡು ಪ್ರಶ್ನೆ

ಗಲ್ಫಿನವರು ಊರಿಗೆ ಹೋದರೆ ಎದುರು ಸಿಕ್ಕಿದವರೆಲ್ಲ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ: ಯಾವಾಗ ಬಂದದ್ದು, ಯಾವಾಗ ಹೋಗುವುದು. ಅದರಲ್ಲಿ ಕೆಟ್ಟ ಮನಸ್ಸು ಖಂಡಿತ ಇಲ್ಲ. ಆದರೂ ರಿಕ್ಷಾದವರು, ಅಂಗಡಿಯವರು, ಸ್ವಂತ ಚಿಕ್ಕಮ್ಮ, ಎಲ್ಲರೂ ಕೇಳಿ ಕೇಳಿ, ಬಂದ ದಿನವೇ ನಾನು ಅರ್ಧ ಹೊರಟಂತಾಗಿತ್ತು. ದೊಡ್ಡ ಪಕ್ಷದ ಅಭ್ಯರ್ಥಿಯೂ ಕೈಮುಗಿದು ಅದನ್ನೇ ಕೇಳಿದರು.

ಮತದಾನದ ಹಿಂದಿನ ದಿನ ಒಬ್ಬ ಪಕ್ಷೇತರ ಅಭ್ಯರ್ಥಿ ಬಂದರು. ಜೊತೆಗೆ ಅವರ ಹೆಂಡತಿ ಬಿಟ್ಟರೆ ಯಾರೂ ಇಲ್ಲ. ಯಾವಾಗ ಬಂದದ್ದು ಎಂದು ಕೇಳಿದರು. ಹೇಳಿದೆ. ಎರಡನೆಯದಕ್ಕೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವರು ಕೇಳಲೇ ಇಲ್ಲ.

"ಒಳ್ಳೆದಾಯ್ತು," ಎಂದರು. "ನಾಳೆ ಸಾಲಿನಲ್ಲಿ ಸಿಗುವ."

ಮರುದಿನ ಶಾಲೆಯ ಜಗಲಿಯಲ್ಲಿ ಆಸೆ ತೀರುವಷ್ಟು ಹೊತ್ತು ನಿಂತೆ. ನನ್ನ ಸರದಿ ಬಂದಾಗ ಹಿಂದಿನ ಅಜ್ಜಿಯನ್ನು ಮುಂದೆ ಬಿಟ್ಟೆ, ಮತ್ತೂ ನಿಂತೆ.

ಬಸ್ಸಿಗೆ ಮರಳಿದಾಗ ಎಲ್ಲರೂ ನನ್ನ ಬೆರಳಿನ ಶಾಯಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಪೊರ್ಬು ಬೆರಳನ್ನು ಬೇಗ ಬಿಡಲಿಲ್ಲ. ಗೆಲ್ಲುವ ಕುದುರೆಗೇ ಹಾಕಿದಿರಾ ಎಂದು ಶೆಟ್ರು ಕೇಳಿದರು. ಇಲ್ಲ, ಯಾವಾಗ ಹೋಗುವುದು ಎಂದು ಕೇಳದವರಿಗೆ ಹಾಕಿದೆ ಎಂದೆ. ಬಸ್ಸಿನಲ್ಲಿ ಯಾರೂ ನಗಲಿಲ್ಲ.

ಫಲಿತಾಂಶ ಬಂದ ದಿನ ಆ ಮಹಾಶಯರ ಠೇವಣಿ ಹೋಗಿತ್ತು. ಶೆಟ್ರು ಫೋನಿನಲ್ಲಿ ಅವರ ಓಟುಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಪಾಪ, ಅವರ ತಪ್ಪೆಂತದು?" ಎಂದರು. "ಅವರ ಓಟೆಲ್ಲ ಗಲ್ಫಿನಲ್ಲಿ ಉಂಟು."