ಓಟಕ್ಕೆ ಬೆನ್ನು ಹಾಕಿ ನಿಂತ ಅಪ್ಪ

ಇಷ್ಟಕ್ಕೆಲ್ಲ ಕಾರಣ ಒಂದು ಹಳದಿ ಜಾಕೆಟ್ಟು. ಅದನ್ನು ಹಾಕಿಕೊಳ್ಳುವ ಹುಚ್ಚು ಬೇಕರಿಯವನಿಗೆ ತಾನಾಗಿ ಹುಟ್ಟಿದ್ದಲ್ಲ, ಪಕ್ಕದಂಗಡಿಯ ಟೈಲರ್ ಹಿಡಿಸಿದ್ದು.

"ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್ಪು ಅಂದ್ರೆ ಸುಮ್ನೆ ಆಯ್ತಾ ಅಣ್ಣಾ? ನಲವತ್ತು ದೇಶದೋರು ಬರ್ತಾರೆ. ಟಿಕೆಟ್ ತಗೊಂಡು ಹೋದ್ರೆ ಮುಂದೆ ನಿಂತೋನ ಟೋಪಿ ನೋಡ್ಕೊಂಡು ಬರ್ಬೇಕು ಅಷ್ಟೆ. ಅದೇ ಸ್ವಯಂಸೇವಕ ಆಗಿ ಹೋಗಿ, ಹಗ್ಗದ ಒಳಗಡೆನೇ ನಿಲ್ಲಿಸ್ತಾರೆ. ಮಗಳು ಮೂಗಿನ ಮುಂದೇನೇ ಓಡ್ತಾಳೆ!"

ಈ ಮಾತು ಬೇಕರಿಯವನಿಗೆ ನಾಟಿಬಿಟ್ಟಿತು. ಮಗಳು ಹನ್ನೊಂದು ವರ್ಷದಿಂದ ಓಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವನು ಅವಳ ಒಂದೇ ಒಂದು ಓಟವನ್ನೂ ನೋಡಿರಲಿಲ್ಲ. ಓಟಗಳೆಲ್ಲ ಭಾನುವಾರ, ಬೇಕರಿಗೆ ಮೈತುಂಬ ಕೆಲಸವೂ ಭಾನುವಾರವೇ. ಒಂದು ಸಲ ಒಲೆ ಕೆಟ್ಟಿತ್ತು, ಇನ್ನೊಂದು ಸಲ ಯಾರದೋ ಮದುವೆಗೆ ಮೂರಂತಸ್ತಿನ ಕೇಕು, ಮತ್ತೊಂದು ಸಲ ಕಾರಣವೇ ನೆನಪಿಲ್ಲ. ಪೇಪರಿನಲ್ಲಿ ಬಂದ ಅವಳ ಫೋಟೋಗಳನ್ನೆಲ್ಲ ಕತ್ತರಿಸಿ ಗಲ್ಲಾದ ಹಿಂದೆ ಅಂಟಿಸಿದ್ದ, ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. ಅವಳು ಓಡುವುದನ್ನು ಗಿರಾಕಿಗಳಲ್ಲೇ ಅರ್ಧ ಜನ ನೋಡಿದ್ದರು.

ಹೋದ ತಿಂಗಳು ಮಗಳು ತಂಡದ ಶಿಬಿರದಿಂದ ಫೋನ್ ಮಾಡಿದ್ದಳು. "ಕಾಲು ಇನ್ನು ಸಾಕು ಅಂತಿದೆ ಅಪ್ಪ. ಡಾಕ್ಟ್ರೂ ಅದನ್ನೇ ಹೇಳಿದ್ರು. ನಮ್ಮೂರಲ್ಲೇ ಆಗ್ತಿರೋದು, ಇದೇ ನಂದು ಕೊನೇ ಓಟ. ಬರೋಕಾದ್ರೆ ಬಾ. ಆಗ್ದಿದ್ರೆ ಬೇಡ ಬಿಡು."

ಆ 'ಬೇಡ ಬಿಡು' ಅನ್ನುವಾಗ ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ಆ ರಾತ್ರಿ ನಿದ್ದೆ ಮಾಡುತ್ತಿದ್ದನೋ ಏನೋ. ಬೆಳಗಾದ ಮೇಲೆ ಟೈಲರನ ಮಾತು ಕೇಳಿ ಅರ್ಜಿ ತುಂಬಿದ. ಮಗಳಿಗೆ ಮಾತ್ರ ಹೇಳಲಿಲ್ಲ. ಹೇಳಿ ತಪ್ಪಿಸಿಕೊಂಡ ಸಲಗಳೇ ಬೇಕಾದಷ್ಟಿದ್ದವು.

ಓಟದ ದಿನ ಅಂಗಡಿಯ ಬಾಗಿಲಿಗೆ 'ಇಂದು ರಜೆ' ಎಂಬ ಬೋರ್ಡು ಬಿತ್ತು. ನೋಡಿದವರಲ್ಲಿ ಮೂವರು ಗಾಬರಿಯಾಗಿ ಮನೆಯವರೆಗೂ ಬಂದು, "ಯಾರು ಹೋದ್ರು?" ಎಂದು ವಿಚಾರಿಸಿದರು. "ನಾವೇ ಹೋಗ್ತಿದೀವಿ, ಮೈದಾನಕ್ಕೆ" ಎಂದಳು ಹೆಂಡತಿ.

ಸ್ವಯಂಸೇವಕರಿಗೆಂದು ಕೊಟ್ಟ ಹಳದಿ ಜಾಕೆಟ್ಟು ಅವನ ಹೊಟ್ಟೆಯ ಮೇಲೆ ಗುಂಡಿಗೂ ಕಾಜಾಕ್ಕೂ ಭೇಟಿ ಮಾಡಿಸಲಿಲ್ಲ. ಟೈಲರ್ ದಾರಿಯಲ್ಲೇ ಎರಡು ಪಿನ್ನು ಚುಚ್ಚಿ, "ಉಸಿರು ಮಾತ್ರ ಜೋರಾಗಿ ಎಳ್ಕೋಬೇಡಿ ಅಣ್ಣಾ" ಎಂದು ಎಚ್ಚರಿಸಿದ.

ಮೈದಾನವೆಂದರೆ ಊರಾಚೆಯ ಹುಲ್ಲುಗಾವಲು. ನಡುವೆ ಒಂದು ದಿಣ್ಣೆ, ಅದರಾಚೆ ಒಂದು ಕೆಸರಿನ ಹಳ್ಳ. ಮೂರು ದಿನ ಮಳೆ ಸುರಿದು ನೆಲವೆಲ್ಲ ನಾದಿಟ್ಟ ಹಿಟ್ಟಿನಂತೆ ಅಂಟುತ್ತಿತ್ತು. ಹೆಂಗಸರ ಓಟ ಐದು ಸುತ್ತು. ದಿಣ್ಣೆ ಹತ್ತುವ ಮುಂಚಿನ ತಿರುವಿನಲ್ಲಿ, ಹಗ್ಗದ ಒಳಗಡೆ, ಬೇಕರಿಯವನ ಜಾಗ. ಹಗ್ಗದ ಆಚೆ ಅವನೆದುರಿಗೇ ಹೆಂಡತಿಯೂ ಟೈಲರನೂ ಜಾಗ ಹಿಡಿದರು. ಇಂಥ ಜಾಗ ಬೇಕೆಂದರೂ ಸಿಗದು. ಬೇಕರಿಯವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಷ್ಟರಲ್ಲಿ ಸ್ವಯಂಸೇವಕರ ಮೇಲ್ವಿಚಾರಕ ಬಂದ. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಪಟ್ಟಿ. ಎರಡು ಮಾತಿಗೊಮ್ಮೆ ಊದುತ್ತಿದ್ದುದರಿಂದ ಎಲ್ಲರೂ ಅವನನ್ನು ಸೀಟಿ ಸಾಹೇಬ್ರು ಅನ್ನುತ್ತಿದ್ದರು.

"ಏನ್ರೀ, ಆ ಕಡೆ ಯಾಕ್ರೀ ನಿಂತಿದೀರಿ? ತಿರುಗ್ರಿ ಈ ಕಡೆ!"

"ಓಟ ಆ ಕಡೆ ಅಲ್ವಾ ಸಾರ್?"

"ಓಟ ನೋಡೋಕೆ ಟಿಕೆಟ್ ತಗೊಂಡೋರಿದಾರೆ. ನೀವು ಜನನ್ನ ನೋಡ್ಬೇಕು. ಯಾರಾದ್ರೂ ಹಗ್ಗ ದಾಟಿದ್ರೆ? ನಾಯಿ ನುಗ್ಗಿದ್ರೆ? ಓಟಕ್ಕೆ ಬೆನ್ನು, ಜನಕ್ಕೆ ಮುಖ, ಇದೇ ನಿಯಮ. ತರಬೇತೀಲಿ ಹೇಳ್ಲಿಲ್ವಾ?"

ತರಬೇತಿಯ ದಿನ ಬೇಕರಿಯವನು ಬನ್ನು ಬೇಯಿಸುತ್ತಿದ್ದ. 'ಸುಮ್ನೆ ನಿಲ್ಲೋಕೂ ತರಬೇತಿ ಬೇಕೇನಣ್ಣಾ?' ಎಂದವನೂ ಟೈಲರನೇ. ಬೇಕರಿಯವನು ಅವನನ್ನು ದುರುಗುಟ್ಟಿ ನೋಡಿದ. ಟೈಲರ್ ಮೋಡ ನೋಡಿದ.

ಬಂದೂಕಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವನ ಬೆನ್ನ ಹಿಂದೆ ಪಚಪಚ ಅಂತ ನೂರಾರು ಕಾಲುಗಳ ಸದ್ದು. ಹೆಂಡತಿ ಎರಡೂ ಕೈ ಎತ್ತಿ ಕೂಗಿದಳು: "ಬಂದ್ಲೂ ರೀ! ನಮ್ಮವಳು ಬಂದ್ಲು!"

"ಹೇಗೆ ಓಡ್ತಿದಾಳೆ? ಹೇಳೇ!"

"ಅಯ್ಯೋ, ನಂಗೆ ಕಣ್ಣೀರಲ್ಲಿ ಏನೂ ಕಾಣ್ತಿಲ್ಲ ರೀ!"

ಟೈಲರ್ ನೆರವಿಗೆ ಬಂದ. "ಅಣ್ಣಾ, ನನ್ ಕೂಲಿಂಗ್ ಗ್ಲಾಸ್ ಒಳಗೆ ನೋಡಿ, ಹಿಂದಿಂದೆಲ್ಲ ಕಾಣುತ್ತೆ." ಬೇಕರಿಯವನು ಹಗ್ಗದ ಮೇಲೆ ಬಾಗಿ ಟೈಲರನ ಮುಖಕ್ಕೆ ಮುಖ ತಾಗಿಸಿದ. ಗಾಜಿನಲ್ಲಿ ಕಂಡದ್ದು ಅವನದೇ ದೊಡ್ಡ ಮೂಗು. ಅದರಾಚೆ ಸಾಸಿವೆಯಷ್ಟು ಸಾಸಿವೆಯಷ್ಟು ಏನೋ ಓಡಿಹೋಯಿತು. ಅಷ್ಟರಲ್ಲಿ ಒಂದು ಪಿನ್ನು ಕಿತ್ತು ಹೊಟ್ಟೆಗೆ ಚುಚ್ಚಿತು.

ಎರಡನೆಯ ಸುತ್ತಿನಲ್ಲಿ ಕತ್ತನ್ನು ಇಷ್ಟೇ ಇಷ್ಟು ಹೊರಳಿಸಿದ. ಎಲ್ಲಿಂದಲೋ ಸೀಟಿ ಕೂಗಿತು. ಕತ್ತು ತಾನಾಗಿ ಸ್ವಸ್ಥಾನಕ್ಕೆ ಬಂತು.

ಮೂರನೆಯ ಸುತ್ತಿಗೆ ಸೀಟಿ ಸಾಹೇಬ್ರು ಅವನ ಎದುರಿಗೇ ಬಂದು ನಿಂತರು. "ಇನ್ನೊಂದ್ಸಲ ತಿರುಗಿ, ಜಾಕೆಟ್ ಬಿಚ್ಚಿಸಿ ಗೇಟಿನಾಚೆ ಬಿಡ್ತೀನಿ." ಬೇಕರಿಯವನು ಕಂಬದಂತೆ ನಿಂತ. ಹಿಂದೆ ಪಚಪಚ ಸದ್ದು ಹತ್ತಿರವಾಯಿತು. ಆ ಗದ್ದಲದ ನಡುವೆ, ಬೆನ್ನಿಗೆ ತೀರಾ ಹತ್ತಿರದಲ್ಲಿ, ಯಾರೋ ಕರೆದರು.

"ಅಪ್ಪಾ!"

ಸಾಹೇಬರ ಕಣ್ಣು ಅವನ ಕಣ್ಣಲ್ಲೇ ನೆಟ್ಟಿತ್ತು. ಅವನು ತಿರುಗಲಿಲ್ಲ. ಸದ್ದು ದಿಣ್ಣೆಯ ಮೇಲೆ ಹತ್ತಿ ಹೋಯಿತು.

ಸಾಹೇಬ್ರು ಸಮಾಧಾನವಾಗಿ ಬೇರೆಡೆ ಹೋದರು. ಬೇಕರಿಯವನಿಗೆ ಮಾತ್ರ ನಿಂತ ನೆಲ ಸುಡತೊಡಗಿತು. ಥೂ, ಎಂಥ ಮನುಷ್ಯ ನಾನು! ಯಾವನೋ ಊದುವ ಪೀಪಿಗೆ ಹೆದರಿ ಮಗಳು ಕರೆದರೂ ತಿರುಗದೆ ನಿಂತೆನಲ್ಲ! ಹನ್ನೊಂದು ವರ್ಷ ಒಲೆ ಅಡ್ಡ ಬಂತು ಅನ್ನೋಣ, ಇವತ್ತು ಏನು ಅಡ್ಡ ಬಂತು? ಅಳು ಬಂದಂತಾಗಿ ಕೆಮ್ಮಿದ, ಉಳಿದಿದ್ದ ಪಿನ್ನೂ ಕಿತ್ತುಬಂತು. ಜಾಕೆಟ್ಟು ಬಾಯಿ ತೆರೆದುಕೊಂಡಿತು.

ನಾಲ್ಕನೆಯ ಸುತ್ತಿನ ಕಾಲುಸದ್ದು ಕೇಳಿದ್ದೇ ತಡ, ಅವನು ಜನಕ್ಕೆ ಬೆನ್ನು ಹಾಕಿ ಓಟದ ಕಡೆ ಪೂರ್ತಿ ತಿರುಗಿ ನಿಂತ. ತಲೆಯ ಮೇಲೆ ತಲೆ ಬಿದ್ದರೂ ಇನ್ನು ತಿರುಗುವುದಿಲ್ಲ ಎಂದು ಹಲ್ಲು ಕಚ್ಚಿದ.

ನೋಡಿದರೆ, ಬರುತ್ತಿದ್ದವರೆಲ್ಲ ಒಂದೇ ಬಣ್ಣ. ತಲೆಯಿಂದ ಕಾಲಿನವರೆಗೆ ಕೆಸರು. ಯಾವ ದೇಶದ ಅಂಗಿ, ಯಾವ ನಂಬರು, ಒಂದೂ ಗೊತ್ತಾಗದು. ಮಗಳು ಓಡುವಾಗ ಹೇಗಿರುತ್ತಾಳೆಂದು ಯಾವತ್ತಾದರೂ ನೋಡಿದ್ದರೆ ತಾನೆ ಗುರುತು ಹಿಡಿಯುವುದು? ಒಬ್ಬೊಬ್ಬಳ ಮುಖವನ್ನೂ ಹುಡುಕುತ್ತಿರುವಾಗಲೇ ಎಲ್ಲರೂ ದಾಟಿಹೋದರು. ಯಾರನ್ನು ಕೂಗಬೇಕೆಂದೇ ತಿಳಿಯಲಿಲ್ಲ.

"ಇರ್ಲಿ, ಇನ್ನೊಂದು ಸುತ್ತಿದೆ" ಎಂದು ತನಗೆ ತಾನೇ ಹೇಳಿಕೊಂಡು ಅಲ್ಲೇ ಕಾದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಅವನ ಜಾಕೆಟ್ಟನ್ನು ಎಳೆದರು. ಅವನು ಕೊಡವಿಕೊಂಡ. ಮತ್ತೆ ಎಳೆದರು. "ಬಿಡ್ರೀ! ಇವತ್ತೊಂದಿನ ಬಿಡ್ರೀ!" ಎಂದು ಹಿಂದೆ ನೋಡದೆಯೇ ಅರಚಿದ. ಹೆಂಡತಿ ಏನೋ ಕೂಗುತ್ತಿದ್ದಳು, ಟೈಲರನೂ ಕೂಗುತ್ತಿದ್ದ, ಧ್ವನಿವರ್ಧಕ ಅವರಿಬ್ಬರಿಗಿಂತ ಜೋರಾಗಿ ಕೂಗುತ್ತಿತ್ತು.

ಕೊನೆಯ ಸುತ್ತು. ಮುಂದಿನ ಗುಂಪಿನಲ್ಲಿ ಆರನೆಯವಳಾಗಿ ಬರುತ್ತಿದ್ದ ಒಬ್ಬಳು ಮಗಳಷ್ಟೇ ಎತ್ತರ, ಕೂದಲನ್ನು ಹಾಗೇ ಎತ್ತಿ ಕಟ್ಟಿದ್ದಾಳೆ. ಅವಳೇ! ಬೇಕರಿಯವನು ಹಗ್ಗದ ಪಕ್ಕದಲ್ಲಿ ಅವಳ ಜೊತೆಯೇ ಓಡಲು ಹತ್ತಿದ. "ಮಗಳೇ! ಬಿಡ್ಬೇಡ ಕಣೇ! ಅಪ್ಪ ಬಂದಿದೀನಿ ನೋಡು! ತಪ್ಪಾಯ್ತು ಮಗಳೇ, ಹನ್ನೊಂದು ವರ್ಷ ತಪ್ಪಾಯ್ತು! ಓಡು!" ಅವಳು ಒಂದು ಸಲ ಅವನತ್ತ ನೋಡಿದಳು. ಏನನ್ನಿಸಿತೋ, ಕತ್ತು ಬಗ್ಗಿಸಿ ದಿಣ್ಣೆಯ ಮೇಲೆ ಮೂವರನ್ನು ಹಿಂದೆ ಹಾಕಿ ಮೇಲೇರಿದಳು. ಬೇಕರಿಯವನು ಕಾಲು ಜಾರಿ ಕೆಸರಿನಲ್ಲಿ ಕುಂಡೆಯೂರಿ ಕುಳಿತ. ಕುಳಿತಲ್ಲೇ ಚಪ್ಪಾಳೆ ತಟ್ಟಿದ, ಕುಳಿತಲ್ಲೇ ಅತ್ತ.

ಸೀಟಿ ಸಾಹೇಬ್ರು ಬಂದು, ಒಮ್ಮೆ ಸೀಟಿ ಊದಿ ಜಾಕೆಟ್ಟು ಬಿಚ್ಚಿಸಿಕೊಂಡು ಹೋದರು. ಹೋಗಲಿ ಬಿಡು, ನೋಡಬೇಕಾದ್ದು ನೋಡಿಯಾಯಿತು ಎಂದುಕೊಂಡು ಅವನು ಎದ್ದು ಜನರ ಕಡೆ ತಿರುಗಿದ.

ಹಗ್ಗದಾಚೆ, ಹೆಂಡತಿಗೂ ಟೈಲರನಿಗೂ ನಡುವೆ, ಕಂಬಳಿ ಹೊದ್ದು, ಒಂದು ಕಾಲಿಗೆ ಪಟ್ಟಿ ಸುತ್ತಿಕೊಂಡು ಮಗಳು ನಿಂತಿದ್ದಳು.

"ಎಷ್ಟು ಎಳೆದೆ ಅಣ್ಣಾ ನಿಮ್ಮ ಜಾಕೆಟ್ಟು!" ಎಂದ ಟೈಲರ್. "ಅದರ ಅಂಚೇ ಹೊಲಿಗೆ ಬಿಟ್ಟು ಕೈಗೆ ಬಂತು."

ಬೇಕರಿಯವನು ಹಗ್ಗದ ಹತ್ತಿರಕ್ಕೆ ಬಂದ. "ನೀನು... ಯಾವಾಗ..."

"ಮೂರನೇ ಸುತ್ತಲ್ಲಿ, ನಿನ್ನ ದಾಟಿ ಹಳ್ಳ ಇಳಿಯೋವಾಗ ಕಾಲು ಹೊರಳ್ತು ಅಪ್ಪ. ಅಲ್ಲಿಗೇ ಬಿಟ್ಟೆ. ಆಂಬುಲೆನ್ಸಿನೋರು ಪಟ್ಟಿ ಕಟ್ಟಿ ಅಮ್ಮನ ಹತ್ರ ಬಿಟ್ಟು ಹೋದ್ರು." ಅವಳು ಕಂಬಳಿ ಬಿಗಿ ಮಾಡಿಕೊಂಡಳು. "ಮೊದಲ್ನೇ ಸುತ್ತಲ್ಲೇ ನಿನ್ನ ನೋಡ್ದೆ. ಬೆನ್ನು ನೋಡಿದ್ರೇ ಗೊತ್ತಾಯ್ತು. ಸದ್ಯ, ಬಂದಿದಾನಲ್ಲ ಅನ್ನಿಸ್ತು. ತಿರುಗ್ತೀಯೇನೋ ಅಂತ ಮೂರು ಸಲಾನೂ ನಿನ್ನ ಪಕ್ಕದಲ್ಲೇ ಬಂದೆ."

"ಕರೆದದ್ದು ಕೇಳಿಸ್ತು ಕಣಮ್ಮಾ" ಎಂದ. ಹೆಂಡತಿ ಸೆರಗಿನಿಂದ ಅವನ ಮುಖದ ಕೆಸರು ಒರೆಸಿದಳು.

ಅಷ್ಟರಲ್ಲಿ ದಿಣ್ಣೆ ಇಳಿದು ಒಬ್ಬಳು ಬಂದಳು. ಮೈತುಂಬ ಕೆಸರು, ಹಲ್ಲು ಮಾತ್ರ ಬೆಳ್ಳಗೆ. ಬೇಕರಿಯವನನ್ನು ನೋಡಿದ್ದೇ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಅವನು ತಲೆ ಅಲ್ಲಾಡಿಸಿದ. ಮಗಳು ಅವನತ್ತ ಕೈ ಮಾಡಿ "ಮೈ ಫಾದರ್" ಎಂದಳು. ಅವಳು ಮಗಳ ಕಡೆ ತಿರುಗಿ ಹರಕುಮುರುಕು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮಗಳು ಉತ್ತರ ಕೊಟ್ಟಳು. ಆ ಹುಡುಗಿ ಮಗಳನ್ನು ತಬ್ಬಿಕೊಂಡು ಹೊರಟುಹೋದಳು.

"ಯಾರಮ್ಮಾ ಅದು?"

"ಮೂರನೇ ಸ್ಥಾನ ಬಂದೋಳು. ಐದು ವರ್ಷದಿಂದ ನನ್ನನ್ನ ಸೋಲಿಸ್ತಿರೋಳೂ ಅವಳೇ. ಅವಳ ಮನೆಯೋರು ಯಾರೂ ಬಂದಿಲ್ವಂತೆ. ಯಾರೋ ಹಾಗೆ ಹುಚ್ಚು ಹಿಡಿದೋರ ಥರ ಕೂಗಿದ್ದಕ್ಕೇ ಓಡಿದೆ ಅಂದ್ಲು."

"ನಿನ್ನ ಏನೋ ಕೇಳಿದ್ಲಲ್ಲ?"

ಮಗಳು ಕುಂಟುತ್ತ ಅವನ ಭುಜದ ಮೇಲೆ ಕೈ ಹಾಕಿದಳು.

"ನೀನು ಪುಣ್ಯ ಮಾಡಿದ್ದೆ, ನಿಮ್ಮಪ್ಪ ನಿನ್ನ ಎಲ್ಲಾ ಓಟಕ್ಕೂ ಬರ್ತಾರಾ ಅಂತ ಕೇಳಿದ್ಲು."

"ನೀನೇನಂದೆ?"

"ಹೂಂ, ಒಂದೂ ತಪ್ಪಿಸಲ್ಲ ಅಂದೆ."