ಇದು ಸೋರಿಕೆಯಲ್ಲ, ಬರೀ ತೇವ

ನನ್ನ ಮನೆಯ ಗೇಟಿನೊಳಗೆ ನನ್ನ ಅಪ್ಪಣೆಯಿಲ್ಲದೆ ಒಂದು ಹನಿಯೂ ಕೆಳಗೆ ಬೀಳಕೂಡದು! ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ನಾನು ಮಾಡಿದ ಘೋಷಣೆ ಇದು. ಘೋಷಿಸುವ ಹಕ್ಕೂ ನನಗಿತ್ತು. ನಾನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ತನಿಖಾಧಿಕಾರಿ. ಇಪ್ಪತ್ತೆರಡು ವರ್ಷಗಳಿಂದ ಊರಿನ ನಲ್ಲಿ, ಪೈಪು, ತೊಟ್ಟಿ, ಟ್ಯಾಂಕರುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಹನಿ ಎಣಿಸುವುದೇ ನನ್ನ ಕಸುಬು. ಮಳೆ ಬಂದರೆ ಬೇರೆಯವರು ಹಾಡು ಗುನುಗುತ್ತಾರೆ, ನಾನು ಗಡಿಯಾರ ನೋಡುತ್ತೇನೆ.

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ನಿಮಿಷಕ್ಕೆ ಇಪ್ಪತ್ತು ಹನಿ ದಾಟಿದರೆ ಅದು 'ಸೋರಿಕೆ'. ಕೂಡಲೇ ನೋಟಿಸು, ಅಗೆತ, ರಿಪೇರಿ, ರಂಪ. ಇಪ್ಪತ್ತರೊಳಗಿದ್ದರೆ ಅದು 'ತೇವ'. ತೇವಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ರಿಜಿಸ್ಟರಿನಲ್ಲಿ 'ತೇವ ಕಂಡುಬಂದಿದೆ' ಎಂದು ಬರೆದು, ಸಹಿ ಹಾಕಿ, ಟೀ ಕುಡಿಯಲು ಹೋಗಬಹುದು. ಈ ನಿಯಮ ಬರೆದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ! ಬಿಸಿಲು ಜೋರಾಗಿದ್ದ ದಿನ ಕೆಲವು ತೇವಗಳನ್ನು ನಾನು ಗಾಡಿಯಿಂದ ಇಳಿಯದೆಯೇ, ಕಿಟಕಿಯಿಂದಲೇ ನೋಡಿ ತೀರ್ಮಾನಿಸಿದ್ದೂ ಉಂಟು. ಅನುಭವ ಅಂದರೆ ಸುಮ್ಮನೆಯೇ?

ಹಾಗಂತ ನಾನು ಸಡಿಲ ಮನುಷ್ಯನಲ್ಲ. ಹೋದ ತಿಂಗಳು ನಮ್ಮದೇ ಕಚೇರಿಯ ಟ್ಯಾಂಕರೊಂದರ ಕೆಳಗೆ ಕೂತು ಇಪ್ಪತ್ತೊಂದು ಹನಿ ಎಣಿಸಿ, ಅದರ ಡ್ರೈವರನ್ನು ಮೂರು ದಿನ ಮನೆಗೆ ಕಳಿಸಿದ್ದೆ.

"ಒಂದೇ ಒಂದು ಹನಿ ಜಾಸ್ತಿ, ಸಾರ್!" ಎಂದು ಗೋಗರೆದ.

"ಆ ಒಂದು ಹನಿಗೇ ಸರ್ಕಾರ ನನಗೆ ಸಂಬಳ ಕೊಡೋದು!" ಎಂದಿದ್ದೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಹೆಂಡತಿಯೆದುರು ಮತ್ತೊಮ್ಮೆ ಹೇಳಿದೆ. ಅವಳು ನಕ್ಕಿರಲಿಲ್ಲ.

ಈಗ ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಹದಿನೆಂಟು ವರ್ಷ ಹಳೆಯ ಎಸ್‌ಯುವಿ. ನಾನು ಪ್ರೀತಿಯಿಂದ 'ಪಟ್ಟದಾನೆ' ಎನ್ನುತ್ತೇನೆ. ಹೆಂಡತಿ 'ನನ್ನ ಸವತಿ' ಎನ್ನುತ್ತಾಳೆ. ಭಾನುವಾರ ಬೆಳಿಗ್ಗೆ ಅದಕ್ಕೆ ನಾನು ಸ್ನಾನ ಮಾಡಿಸುವುದನ್ನು ನೋಡಿ, "ನನ್ನ ಬೆನ್ನು ನೋವಿಗೆ ಒಂದು ದಿನ ಮುಲಾಮು ತಂದುಕೊಟ್ಟಿದ್ದೀರಾ?" ಎಂದು ಅವಳು ಕೇಳಿದ್ದುಂಟು.

ಆ ಸೋಮವಾರ ಅಂಗಳ ಗುಡಿಸುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ರೀ, ನಿಮ್ಮ ಆನೆ ನಿಂತಲ್ಲೇ ಒಂದು ಮಾಡ್ಕೊಂಡಿದೆ!"

ಓಡಿ ಹೋಗಿ ನೋಡಿದೆ. ಮುಂದಿನ ಚಕ್ರದ ಪಕ್ಕ ಅಂಗೈಯಗಲ ಹಸಿರು ನೀರು.

"ಏನಿಲ್ಲ ಕಣೇ, ಎಸಿ ನೀರು," ಎಂದೆ ತಜ್ಞನ ಗತ್ತಿನಲ್ಲಿ.

"ಎಸಿ ಕೆಟ್ಟು ನಾಲ್ಕು ವರ್ಷ ಆಯ್ತಲ್ಲ?"

ಈ ಹೆಂಗಸಿಗೆ ಬೇಡದ್ದೆಲ್ಲ ನೆನಪಿರುತ್ತೆ! ಸುಮ್ಮನೆ ಕುಕ್ಕರುಗಾಲಲ್ಲಿ ಕೂತು, ವಾಚು ಬಿಚ್ಚಿ ಕೈಯಲ್ಲಿ ಹಿಡಿದು ಎಣಿಸಿದೆ. ಅದು ಕೂಲಂಟ್, ಇಂಜಿನ್ ಕಾಯದಂತೆ ನೋಡಿಕೊಳ್ಳುವ ದ್ರವ. ಅದಿಲ್ಲದಿದ್ದರೆ ಇಂಜಿನ್ ಒಲೆಯಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿಮಿಷಕ್ಕೆ ಬಿದ್ದದ್ದು ಹದಿನೇಳೇ ಹನಿ! ಎದ್ದು ನಿಂತು ತೀರ್ಪು ಕೊಟ್ಟೆ.

"ಇದು ಸೋರಿಕೆಯಲ್ಲ. ಬರೀ ತೇವ."

"ರೀ, ಶುಕ್ರವಾರ ಹನ್ನೊಂದಕ್ಕೆ ನನ್ನ ಸಂದರ್ಶನ ಇದೆ," ಎಂದಳು. ಹತ್ತೊಂಬತ್ತು ವರ್ಷ ಗಣಿತದ ಮೇಡಂ ಆಗಿರುವ ನನ್ನ ಹೆಂಡತಿ ನಲವತ್ತು ಕಿಲೋಮೀಟರ್ ದೂರದ ದೊಡ್ಡ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಅರ್ಜಿ ಹಾಕಿದ್ದಳು. ಹಿಂದೆ ಎರಡು ಸಲ ಹಾಕಿ ಎರಡು ಸಲವೂ ಕೈತಪ್ಪಿತ್ತು. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ. "ನಾನು ಬಸ್ಸಲ್ಲಿ ಹೋಗ್ತೀನಿ. ಎಂಟೂವರೆಗೆ ಒಂದಿದೆ."

ಬಸ್ಸು! ಪಟ್ಟದಾನೆ ಬಾಗಿಲಲ್ಲಿ ನಿಂತಿರುವಾಗ ಬಸ್ಸು! ನನ್ನ ಮಾನ ಬೀದಿಗೆ ಬಿದ್ದಂತಾಯಿತು.

"ಹತ್ತೂವರೆಗೆ ಶಾಲೆ ಗೇಟಿನ ಮುಂದೆ ಇಳಿಸದಿದ್ದರೆ ನನ್ನ ಹೆಸರು ಬದಲಾಯಿಸು!"

"ಹೆಸರು ಬೇಡ. ಕಾರು ದಾರೀಲಿ ನಿಂತರೆ ಅದನ್ನ ಮಾರಬೇಕು. ಆಗುತ್ತಾ?"

"ಮಾರಿದೆ ಅಂತಲೇ ಇಟ್ಕೋ!" ಎಂದು ಅವಳ ಕೈಗೆ ಕೈ ಹೊಡೆದೆ. ಹದಿನೇಳು ಹನಿಯ ಬಲ ಅಂಥದ್ದು.

ಆದರೂ ಒಂದು ಮಾತು ಕೇಳೋಣ ಎಂದು ಮೆಕ್ಯಾನಿಕ್ ಹತ್ತಿರ ಹೋದೆ. ಯಾವ ಗಾಡಿ ತಂದರೂ "ಅಡ್ಮಿಟ್ ಮಾಡಿ" ಎನ್ನುವುದರಿಂದ ಅವನಿಗೆ 'ಡಾಕ್ಟರ್' ಎಂದೇ ಹೆಸರು. ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿದವನೇ ನಾಲಿಗೆ ಲೊಚಗುಟ್ಟಿದ.

"ಹೋಸ್ ಪೈಪ್ ಬಿರುಕು ಬಿಟ್ಟಿದೆ ಸಾರ್. ಎರಡು ದಿನ ಅಡ್ಮಿಟ್ ಮಾಡಿ."

"ಹದಿನೇಳೇ ಹನಿ ಕಣಯ್ಯ."

"ಅದು ತಣ್ಣಗೆ ನಿಂತಿರುವಾಗ ಸಾರ್. ಓಡಿ ಕಾದ ಮೇಲೆ ಒಳಗೆ ಒತ್ತಡ ಏರುತ್ತೆ. ಆವಾಗ?"

"ನಿಯಮದಲ್ಲಿ ಕಾಯೋ ವಿಷಯ ಇಲ್ಲ."

"ನಿಮ್ಮ ನಿಯಮ ನಿಮಗೆ ಗೊತ್ತು ಸಾರ್, ಇಂಜಿನ್ನಿಗೆ ಓದೋಕೆ ಬರಲ್ಲವಲ್ಲ!"

ಇಪ್ಪತ್ತೆರಡು ವರ್ಷದ ಅನುಭವಕ್ಕೆ ಎಣ್ಣೆ ಕೈಯವನೊಬ್ಬ ಪಾಠ ಹೇಳುವುದೇ? ಗಾಡಿ ತಿರುಗಿಸಿಕೊಂಡು ಬಂದುಬಿಟ್ಟೆ. ಚಿಕಿತ್ಸೆಯನ್ನು ಮನೆಯಲ್ಲೇ ಶುರು ಮಾಡಿದೆ. ಅಡುಗೆಮನೆಯ ದೊಡ್ಡ ಪಾತ್ರೆಯೊಂದನ್ನು ಸದ್ದಿಲ್ಲದೆ ಎತ್ತಿ ಕಾರಿನ ಕೆಳಗಿಟ್ಟೆ. ಇಡೀ ದಿನ ಬಿದ್ದದ್ದನ್ನು ಸಂಜೆ ಮತ್ತೆ ಮೇಲೆ ಸುರಿದೆ. ಕಡಿಮೆ ಬಿದ್ದಷ್ಟಕ್ಕೆ ನಲ್ಲಿ ನೀರು. ನೀರಿನ ಮರುಬಳಕೆಯ ಬಗ್ಗೆ ಕಚೇರಿಯಲ್ಲಿ ಹನ್ನೆರಡು ಭಾಷಣ ಕೇಳಿದ್ದು ಕೊನೆಗೂ ಉಪಯೋಗಕ್ಕೆ ಬಂತು!

ಬುಧವಾರ ಹೆಂಡತಿ ಪಾತ್ರೆ ಹುಡುಕಿಕೊಂಡು ಬಂದಳು. ಕಂಡಳು. ಬಗ್ಗಿ ನೋಡಿದಳು.

"ಇದು ವಿಷ ಗೊತ್ತಾ ನಿಮಗೆ? ಈ ಪಾತ್ರೆ ಇನ್ನು ಒಲೆ ಹತ್ತಲ್ಲ."

"ತೇವ ತಾಗಿದೆ ಅಷ್ಟೆ..."

"ಅರ್ಧ ಪಾತ್ರೆ ತೇವ!" ಎಂದು ಅದರ ಮೇಲೆ 'ಸವತಿ' ಎಂದು ಸೀಮೆಸುಣ್ಣದಲ್ಲಿ ಬರೆದು ಅಲ್ಲೇ ಬಿಟ್ಟು ಹೋದಳು. ಪಾತ್ರೆಯೂ ಹೋಯಿತು, ಗುಟ್ಟೂ ಹೋಯಿತು. ನನ್ನ ಹಟ ಮಾತ್ರ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಸವಾರಿ ಹೊರಟಿತು. ಹೆಂಡತಿ ಇಸ್ತ್ರಿ ಮುರಿಯದಂತೆ ನೆಟ್ಟಗೆ ಕೂತಿದ್ದಳು. ತೊಡೆಯ ಮೇಲೆ ಪ್ರಮಾಣಪತ್ರಗಳ ಕಡತ. ಹಿಂದೆ ತಿರುಗಿ ನೋಡಿದಳು. ಸೀಟಿನ ತುಂಬ ಹನ್ನೆರಡು ಬಾಟಲಿ ನೀರು.

"ನಾವು ಸಂದರ್ಶನಕ್ಕೆ ಹೋಗ್ತಿದ್ದೀವೋ, ಮರುಭೂಮಿ ದಾಟ್ತಿದ್ದೀವೋ?"

"ಬಾಯಾರಿದರೆ ಇರಲಿ ಅಂತ."

ಹದಿನೈದು ಕಿಲೋಮೀಟರ್ ಪಟ್ಟದಾನೆ ಗಾಂಭೀರ್ಯದಿಂದ ನಡೆಯಿತು. ನಾನು ಮೀಸೆ ಮೇಲೆ ಕೈಯಾಡಿಸಿದೆ. ಕೈ ಕೆಳಗಿಳಿಸುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇಳತೊಡಗಿತು. ಕರವಸ್ತ್ರ ತೆಗೆದು ಅದರ ಮೇಲೆ ಹೊದಿಸಿದೆ.

"ಅದ್ಯಾಕೆ ಮುಚ್ಚಿದ್ರಿ?"

"ಬಿಸಿಲು ಕಣ್ಣಿಗೆ ಹೊಡೀತಿದೆ."

ಇಂಜಿನ್ನಿನ ಬಿಸಿ ಇಳಿಸಲು ಹೀಟರ್ ಹಾಕಬೇಕು, ಬಿಸಿಯೆಲ್ಲ ಒಳಗೆ ಬಂದುಬಿಡುತ್ತದೆ ಎಂದು ಎಲ್ಲೋ ಓದಿದ್ದೆ. ಹಾಕಿದೆ. ನಿಜಕ್ಕೂ ಬಂತು! ಸುಡು ಬಿಸಿಲಿನಲ್ಲಿ, ಅವಳ ಮುಖಕ್ಕೆ ನೇರವಾಗಿ!

"ರೀ! ಹೀಟರ್ ಹಾಕಿದ್ದೀರಾ?"

"ಮೈ ಬೆಚ್ಚಗಿದ್ದರೆ ಸಂದರ್ಶನದ ಅಳುಕು ಕಡಿಮೆಯಾಗುತ್ತಂತೆ."

ಅವಳು ನನ್ನನ್ನು ನೋಡಿದ ನೋಟವನ್ನು ನಾನು ವಿವರಿಸಲಾರೆ. ಹಣೆಯ ಬೆವರು ಕಡತದ ಮೇಲೆ ತೊಟ್ಟಿಕ್ಕುತ್ತಿತ್ತು. ಅಭ್ಯಾಸಬಲ, ಎಣಿಸಲು ಶುರು ಮಾಡಿದ್ದೆ.

"ಏನೋ ಸಿಹಿ ವಾಸನೆ ಬರ್ತಿದೆ," ಎಂದಳು.

"ಹತ್ತಿರದಲ್ಲಿ ಹೂದೋಟ ಇರಬೇಕು."

ಹೂದೋಟ ಬಾನೆಟ್ಟಿನೊಳಗೇ ಇತ್ತು. ಏರುರಸ್ತೆಯ ಅರ್ಧಕ್ಕೆ ಬಂದಾಗ ಬುಸ್ ಎಂದು ಬಿಳಿ ಹಬೆ ಮೇಲೆದ್ದು ಎದುರಿನ ರಸ್ತೆಯೇ ಮಾಯವಾಯಿತು. ಪಟ್ಟದಾನೆ ಒಮ್ಮೆ ಕೆಮ್ಮಿ, ಒಮ್ಮೆ ನಡುಗಿ, ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಗಂಟೆ ಹತ್ತು ಹತ್ತು. ಶಾಲೆ ಇನ್ನೂ ಹದಿನಾಲ್ಕು ಕಿಲೋಮೀಟರ್ ದೂರ.

ನಾನು ವೀರಾವೇಶದಿಂದ ಬಾಟಲಿ ಹಿಡಿದು, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

"ಮುಟ್ಟಬೇಡಿ!"

ಹತ್ತೊಂಬತ್ತು ವರ್ಷ ತರಗತಿ ನಡುಗಿಸಿದ ದನಿ ಅದು. ಕೈ ತಾನಾಗಿಯೇ ಹಿಂದೆ ಬಂತು.

"ಬಿಸಿ ಇದ್ದಾಗ ತೆಗೆದರೆ ಕುದಿಯೋ ನೀರು ಮುಖಕ್ಕೆ ಹಾರುತ್ತೆ. ಅರ್ಧ ಗಂಟೆ ಆರಬೇಕು."

"ನಿನಗೆ ಹೇಗೆ ಗೊತ್ತು?"

"ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಬುಧವಾರ ಓದಿದೆ. ನೀವು ಅದರ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ."

ಹನ್ನೆರಡು ಬಾಟಲಿ ನೀರಿದೆ, ಒಂದು ತೊಟ್ಟೂ ಸುರಿಯುವಂತಿಲ್ಲ! ಎಂಟೂವರೆಯ ಬಸ್ಸು ಆಗಲೇ ಶಾಲೆ ದಾಟಿ ಹೋಗಿರುತ್ತದೆ. ಹೆಂಡತಿ ಬೈಯಲಿಲ್ಲ. ಕಡತವನ್ನು ಎದೆಗೆ ಒತ್ತಿಕೊಂಡು ಖಾಲಿ ರಸ್ತೆ ನೋಡುತ್ತ ನಿಂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಿಜ ಹೇಳುತ್ತೇನೆ, ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಹತ್ತು ಇಪ್ಪತ್ತಕ್ಕೆ ಏರು ಹತ್ತಿ ಒಂದು ವಾಹನ ಬಂತು. ನೀರಿನ ಟ್ಯಾಂಕರ್. ನಮ್ಮ ಕಚೇರಿಯದೇ. ಡ್ರೈವರ್... ಹೌದು, ಇಪ್ಪತ್ತೊಂದನೇ ಹನಿಯವನೇ!

ಅವನು ನಿಧಾನವಾಗಿ ಇಳಿದ. ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ವಾಚು ಬಿಚ್ಚಿದ. ಕೆಳಗೆ ನೋಡಿದ. ವಾಚು ಮತ್ತೆ ಕಟ್ಟಿಕೊಂಡ.

"ಎಣಿಸೋಕೆ ಹನಿ ಅಂತ ಬೀಳಬೇಕಲ್ಲ ಸಾಹೇಬ್ರೆ, ಇದು ಧಾರೆ. ತೇವ ಅಂತ ಬರ್ಕೊಳ್ಳಲಾ?"

ನಾನು ಆಕಾಶ ನೋಡಿದೆ.

"ಅಣ್ಣಾ, ನೀವು ಎಲ್ಲೀವರೆಗೆ ಹೋಗ್ತೀರಿ?" ಹೆಂಡತಿ ಕೇಳಿದಳು. ಅವನು ಹೇಳಿದ. ಅವಳ ಸಂದರ್ಶನದ ಶಾಲೆಗೇ!

"ಎಂಟು ದಿನದಿಂದ ಅಲ್ಲಿ ನಲ್ಲಿಯಲ್ಲಿ ನೀರಿಲ್ಲ ಮೇಡಂ. ಮಕ್ಕಳು ಮನೆಯಿಂದ ಬಾಟಲಿ ತರ್ತಾವೆ. ಶಾಲೆ ಹತ್ತಿರದ ದೊಡ್ಡ ಪೈಪು ಒಡೆದು ನೀರೆಲ್ಲ ಮಣ್ಣಿಗೆ ಹೋಗ್ತಿದೆ. ಆದ್ರೆ ಅಗೆಯೋ ಹಾಗಿಲ್ಲ. ರಿಜಿಸ್ಟರಲ್ಲಿ 'ತೇವ' ಅಂತ ಬರೆದುಬಿಟ್ಟಿದ್ದಾರೆ."

"ಯಾರು ಬರೆದಿದ್ದು?"

"ಯಾರು ಬರೆದ್ರೋ ಗೊತ್ತಿಲ್ಲ ಮೇಡಂ. ಸಹಿ ಮಾತ್ರ ಸಾಹೇಬ್ರದ್ದು."

ಆಕಾಶದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ನೋಡುತ್ತಲೇ ಇದ್ದೆ. ಆ ಪೈಪಿನ ದಿನ ನೆನಪಾಯಿತು. ವಿಪರೀತ ಬಿಸಿಲು. ಗಾಡಿಯಿಂದ ಇಳಿದಿರಲಿಲ್ಲ.

ಹೆಂಡತಿ ಟ್ಯಾಂಕರಿನ ಮೆಟ್ಟಿಲು ಹತ್ತಿ ಕೂತಳು. ನಾನೂ ಕಾಲಿಟ್ಟೆ.

"ಜಾಗ ಇಲ್ಲ ಸಾಹೇಬ್ರೆ," ಎಂದ ಡ್ರೈವರ್ ವಿನಯದಿಂದ. "ಇಬ್ಬರೇ ಕೂರಬೇಕು ಅಂತ ನಿಯಮ. ನಿಯಮ ಅಂದ್ರೆ ನಿಯಮ."

ಟ್ಯಾಂಕರ್ ಹೊರಟಿತು. ಹಿಂಭಾಗದಿಂದ ಒಂದೇ ಒಂದು ಹನಿಯೂ ಬೀಳುತ್ತಿರಲಿಲ್ಲ. ಚೆನ್ನಾಗಿ ರಿಪೇರಿ ಮಾಡಿಸಿದ್ದ.

ಪಟ್ಟದಾನೆಯನ್ನು ಲಾರಿಯೊಂದಕ್ಕೆ ಕಟ್ಟಿ ಎಳೆಸಿಕೊಂಡು ನಾನು ಮನೆ ಸೇರಿದೆ. ಸಂಜೆ ಮನೆಗೆ ಬಂದ ಹೆಂಡತಿಯ ಮುಖ ನೋಡಲು ಧೈರ್ಯವಾಗದೆ ಅವಳ ಚಪ್ಪಲಿ ನೋಡುತ್ತ ಕೇಳಿದೆ: "ಏನಾಯ್ತು?"

"ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆ. ಟ್ಯಾಂಕರ್ ನೋಡಿ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಮುಖ್ಯೋಪಾಧ್ಯಾಯಿನಿಯಾದರೆ ಮೊದಲು ಏನು ಮಾಡ್ತೀರಿ ಅಂತ ಕೇಳಿದರು. ಸೋಮವಾರದೊಳಗೆ ನಲ್ಲಿಯಲ್ಲಿ ನೀರು ತರಿಸ್ತೀನಿ ಅಂದೆ."

"ಅಯ್ಯೋ! ಹೇಗೆ ಅಂತ ಕೇಳಲಿಲ್ವಾ?"

"ಕೇಳಿದರು. ಆ ಅಧಿಕಾರಿ ದಿನಾ ಊಟಕ್ಕೆ ನಮ್ಮನೆಗೇ ಬರ್ತಾರೆ ಅಂದೆ. ಕೆಲಸ ಕೊಟ್ಟರು."

ಖುಷಿಯಿಂದ ಕುಣಿಯಬೇಕೆನಿಸಿತು, ಆದರೆ ಕುಣಿಯುವ ಯೋಗ್ಯತೆ ನನಗಿರಲಿಲ್ಲ. ಶನಿವಾರ ಬೆಳಿಗ್ಗೆಯೇ ಕಚೇರಿಗೆ ಹೋಗಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ 'ತೇವ'ವನ್ನು ನಾನೇ ಹೊಡೆದುಹಾಕಿ 'ಸೋರಿಕೆ' ಎಂದು ಬರೆದೆ. ಅಗೆಯುವಾಗ ಗುಂಡಿಯ ಪಕ್ಕ ಬಿಸಿಲಲ್ಲೇ ನಿಂತೆ. ಪೈಪಿನಲ್ಲಿ ಮೊಳಕೈ ತೂರುವಷ್ಟು ಬಿರುಕು. ಸೋಮವಾರ ಶಾಲೆಯಲ್ಲಿ ನೀರು ಬಂತು.

ಮಂಗಳವಾರ ಬೆಳ್ಳಂಬೆಳಿಗ್ಗೆಯೇ ಹಳೇ ಗಾಡಿ ವ್ಯಾಪಾರಿ ಬಂದ. ಕೊಟ್ಟ ಮಾತು ಕೊಟ್ಟದ್ದೇ. ಅವನು ಬಗ್ಗಿ ನೋಡಿ, "ಸೋರುತ್ತಾ ಸಾರ್?" ಎಂದ. ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಸೋರುತ್ತೆ," ಎಂದೆ.

ಸರಪಳಿ ಬಿಗಿದು ಎಳೆದುಕೊಂಡು ಹೊರಟರು. ಹದಿನೆಂಟು ವರ್ಷದ ಪಟ್ಟದಾನೆ ತಲೆ ತಗ್ಗಿಸಿಕೊಂಡು ಗೇಟು ದಾಟಿತು. ಅಂಗಳದಲ್ಲಿ ಉಳಿದದ್ದು ಅಂಗೈಯಗಲದ ಹಸಿರು ಕಲೆ. ನೋಡುತ್ತ ನಿಂತ ನನಗೆ ಯಾಕೋ ಕಣ್ಣು ಮಂಜಾಯಿತು, ಮೂಗು ಸೊರಗುಟ್ಟಿತು.

ಹೆಂಡತಿ ಹತ್ತಿರ ಬಂದಳು. ಸಮಾಧಾನ ಹೇಳುತ್ತಾಳೆಂದುಕೊಂಡೆ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಿಂತಳು.

"ಹದಿನೇಳು," ಎಂದಳು. "ಇದು ಅಳು ಅಲ್ಲ ಬಿಡಿ. ಬರೀ ತೇವ."

ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟು ಶಾಲೆಗೆ ಹೊರಟಳು, ಎಂಟೂವರೆಯ ಬಸ್ಸಿಗೆ.