ಮೊರೊಕ್ಕೊ ಖಾನಾವಳಿಯಲ್ಲಿ ಒಂದು ಎಡೆ

ಹಸಿವೆ ತಡೆಯುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಸಿಟ್ಟು ತಡೆಯುತ್ತೇನೆ, ನಿದ್ದೆ ತಡೆಯುತ್ತೇನೆ, ವಿದ್ಯಾನಗರದಲ್ಲಿ ನಾನು ಗುಮಾಸ್ತನಾಗಿದ್ದ ಕಾಲೇಜಿನ ಹೆಡ್‌ಕ್ಲಾರ್ಕರ ಉಪದೇಶವನ್ನೂ ನಿಂತುಕೊಂಡೇ ತಡೆದಿದ್ದೇನೆ. ಆದರೆ ಹೊಟ್ಟೆ ಚುರುಗುಟ್ಟತೊಡಗಿತೆಂದರೆ ನಾನು ನಾನಲ್ಲ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡು, ಬಡಿಸುವವರು ಬದಲಾದದ್ದನ್ನು ನೋಡಿ ಎರಡನೆಯದರಲ್ಲೂ ಕೂತದ್ದುಂಟು. ಹೆಮ್ಮೆಯಿಂದ ಹೇಳುತ್ತಿಲ್ಲ. ಈ ದುರ್ಗುಣದಿಂದಾಗಿ ಒಂದು ಸಂಜೆ ಏನೋ ಆಗಿಹೋಯಿತು. ಏನಾಯಿತೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಅದೇ ತೊಂದರೆ.

ಮೊದಲು ನಮ್ಮ ಚಿಗವ್ವನ ವಿಷಯ ಹೇಳಬೇಕು. ಚಿಗವ್ವ ಅಂದರೆ ನಮ್ಮ ಕಾಕಾನ ಹೆಂಡತಿ. ಕಾಕಾ ಮಹಾಯುದ್ಧದ ಕಾಲಕ್ಕೆ ಪಲ್ಟಣ ಸೇರಿ ಆಫ್ರಿಕಾಕ್ಕೆ ಹೋದ, ಮರಳಿ ಬರಲಿಲ್ಲ. ಸರಕಾರದಿಂದ ಒಂದು ಕಾಗದ ಬಂತು. ಸತ್ತ ಎಂದು ಬರೆದಿದ್ದರೆ ಅತ್ತು ಮುಗಿಸಬಹುದಿತ್ತು, ಅದರಲ್ಲಿ ಪತ್ತೆಯಿಲ್ಲ ಎಂದು ಬರೆದಿತ್ತು. ಅಂದಿನಿಂದ ಇಪ್ಪತ್ತು ವರ್ಷ ಚಿಗವ್ವ ಹಣೆಗೆ ಕುಂಕುಮ ಹಚ್ಚಿ, ಕೈತುಂಬ ಬಳೆ ಇಟ್ಟು ದಾರಿ ಕಾದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಇದರಿಂದ ವರ್ಷಕ್ಕೊಮ್ಮೆ ಮನೆಯಲ್ಲಿ ಜಗಳ. ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಪದ್ಧತಿ. ತೀರಿಹೋದವರಿಗೆ ಸೇರುತ್ತಿದ್ದುದನ್ನೆಲ್ಲ ಅಟ್ಟು, ತಾಟಿನಲ್ಲಿ ಬಡಿಸಿ, ಲೋಬಾನ ಹಾಕಿ, ದೀಪ ಸಣ್ಣದು ಮಾಡಿ, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳಬೇಕು. ಅವರು ಬಂದು ಉಂಡು ಹೋಗುವವರೆಗೆ ಕಟ್ಟೆಯ ಮೇಲೆ ಕೂತು, ಆಮೇಲೆ ಒಮ್ಮೆ ಕೆಮ್ಮಿ ಒಳಗೆ ಹೋಗಬೇಕು. ಉಣ್ಣುವವರಿಗೆ ಮುಜುಗರವಾಗಬಾರದಲ್ಲ! ಹಿರಿಯರು ಬರೀ ವಾಸನೆ ಉಂಡು ಹೋಗುವುದರಿಂದ ತಾಟು ಇಟ್ಟ ಹಾಗೇ ಇರುತ್ತದೆ. ಉಳಿದದ್ದು ನಮ್ಮ ಪಾಲು. ನಮ್ಮಪ್ಪ ಪ್ರತಿವರ್ಷ ತಮ್ಮನಿಗೂ ಒಂದು ತಾಟು ಇಡೋಣವೆನ್ನುವನು, ಉಪವಾಸ ಅಲೆಯುತ್ತಿದ್ದಾನೋ ಏನೋ ಎಂದು ಹಲುಬುವನು. ಚಿಗವ್ವ ಆ ತಾಟನ್ನು ಎತ್ತಿ ಬೋರಲು ಹಾಕುವಳು. ಜೀವಂತ ಇರುವ ಗಂಡನಿಗೆ ಎಡೆ ಇಡುವ ಪಾಪಿ ನಾನಲ್ಲ ಎನ್ನುವಳು. ಆಮೇಲೆ ಮೂರು ದಿನ ಇಬ್ಬರಿಗೂ ಮಾತಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಲ್ಲಿ, ಸ್ಟೇಷನ್ನಿನ ಹತ್ತಿರ, ಮೊರೊಕ್ಕೊ ಖಾನಾವಳಿ ಎಂಬುದೊಂದು ಶುರುವಾಯಿತು. ಮಾಲೀಕನನ್ನು ಜನ ಸುಬೇದಾರ ಎನ್ನುತ್ತಿದ್ದರು. ಅವನು ಪಲ್ಟಣದಲ್ಲಿ ಅಡಿಗೆಯವನಾಗಿ ಆಫ್ರಿಕಾಕ್ಕೆ ಹೋಗಿ ಬಂದವನು. ಮೊರೊಕ್ಕೊ ದೇಶವನ್ನು ಕಣ್ಣಾರೆ ಕಂಡಿದ್ದನೋ ಇಲ್ಲವೋ, ಅಡ್ಡಪ್ರಶ್ನೆ ಹಾಕಲು ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಹೋಗಿಬಂದವನಿರಲಿಲ್ಲ. ಸುಬೇದಾರ ಲಿಂಗವಂತ, ಆದ್ದರಿಂದ ಖಾನಾವಳಿ ಶುದ್ಧ ಶಾಕಾಹಾರಿ. ಆ ದೇಶದವರು ರವೆಯಂಥದನ್ನು ಹಬೆಯಲ್ಲಿ ಬೇಯಿಸುತ್ತಾರಂತೆ. ಇಲ್ಲಿ ಅದರ ಬದಲು ಜೋಳದ ನುಚ್ಚು. ಅದರ ಮೇಲೆ ಗಜ್ಜರಿ, ಬದನೆಕಾಯಿ, ಕಡಲೆ, ಒಣದ್ರಾಕ್ಷಿ. ಇದೆಲ್ಲ ಗೋಪುರದಂಥ ಮುಚ್ಚಳವಿರುವ ಮಣ್ಣಿನ ಪಾತ್ರೆಯಲ್ಲಿ ಬರುತ್ತಿತ್ತು. ನೆಲದ ಮೇಲೆ ಗಾದಿ, ನಡುವೆ ಹಿತ್ತಾಳೆಯ ದೊಡ್ಡ ಪರಾತ, ಎಲ್ಲರೂ ಒಂದರಲ್ಲೇ ಉಣ್ಣಬೇಕು. ಜೊತೆಗೆ ಹಾಡು ಬೇರೆ. ಹೆಬ್ಬಳ್ಳಿಯಿಂದ ತತ್ವಪದ ಹಾಡುವ ಮುದುಕನೊಬ್ಬನನ್ನು ಕರೆತಂದು, ಕರಿ ಕಂಬಳಿಯ ಕೊಪ್ಪೆ ಹಾಕಿಸಿ, ಕೈಗೆ ಏಕತಾರಿ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದ. ಅವನಿಗೆ ಆ ದೇಶದ ಮಾತು ಬಾರದ್ದರಿಂದ ಮಾತೇ ಇಲ್ಲದೆ ಹಾಡಬೇಕೆಂದು ಸುಬೇದಾರನ ಅಪ್ಪಣೆ.

ಆಫ್ರಿಕಾದಿಂದ ಬಂದವನು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಚಿಗವ್ವ ನನ್ನ ಬೆನ್ನು ಹತ್ತಿದಳು. ಒಂದು ಸಂಜೆ ಆಫೀಸಿನಿಂದ ಬಂದವನೇ, ಚಹಾ ಸಹ ಕುಡಿಯದೆ, ಅವಳನ್ನೂ ನನ್ನ ಹೆಂಡತಿ ಶಾಂತಾಳನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಹೋದೆ. ಖಾನಾವಳಿಯಲ್ಲಿ ನಮ್ಮನ್ನು ಬಿಟ್ಟರೆ ಗಿರಾಕಿಗಳಿರಲಿಲ್ಲ. ಹೊರಗೆ ಇನ್ನೂ ಬೆಳಕಿದ್ದರೂ ಒಳಗೆ ಕತ್ತಲೆ, ಕಿಟಕಿಗಳಿಗೆ ಕೆಂಪು ಪರದೆ. ಮೂಲೆಯಲ್ಲಿ ಕೊಪ್ಪೆಯೊಳಗೆ ಮುಖವೇ ಕಾಣದ ಆ ಮುದುಕ ಊಂ ಎಂದು ಒಂದೇ ಸಮನೆ ಹಾಡುತ್ತಿದ್ದ. ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ನೋಡುತ್ತ ಕೂತೆ, ಗೊತ್ತಾಗಲಿಲ್ಲ. ಶಾಂತಾ ಮೆಲ್ಲಗೆ ನನ್ನ ಹತ್ತಿರ ಸರಿದಳು. ಮದುವೆಯಾಗಿ ಆರು ವರ್ಷದಲ್ಲಿ ನಾಲ್ಕು ಮಂದಿಯೆದುರು ಅವಳು ಹಾಗೆ ಸರಿದದ್ದು ಅದೊಂದೇ ಸಲ.

ಚಿಗವ್ವ ಕಾಕಾನ ಹೆಸರು ಹೇಳಿ, ಊರು ಶಿರಗುಪ್ಪಿ ಎಂದು ಹೇಳಿ, ಎತ್ತರ, ಬಣ್ಣ, ಗಲ್ಲದ ಮೇಲಿನ ಮಚ್ಚೆ ಎಲ್ಲ ಹೇಳಿ ಕೇಳಿದಳು. ಸುಬೇದಾರ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ. “ನಾ ಕಂಡಿಲ್ರಿ ಯವ್ವಾ. ಉಸುಕಿನ್ಯಾಗ ಭಾಳ ಮಂದಿ ಉಳದಾರ. ಯಾರ ಹೆಸರು ಯಾರಿಗೂ ಗೊತ್ತಿಲ್ಲ,” ಎಂದ.

ಊಟ ಬಂತು. ಸುಬೇದಾರ ಪಾತ್ರೆಯನ್ನು ಪರಾತದ ನಡುವೆ ಇಟ್ಟ. ಲೋಬಾನದ ಹೊಗೆಯನ್ನು ಅದರ ಸುತ್ತ ಮೂರು ಸಲ ಆಡಿಸಿದ. ದೀಪ ಸಣ್ಣದು ಮಾಡಿದ. ಆ ದೇಶದಲ್ಲಿ ಅತಿಥಿಗಳಿಗೆ ಹೀಗೇ ಮರ್ಯಾದೆ ಮಾಡುವುದು ಎಂದು ಹೇಳಿ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮಲ್ಲಿ ಹೀಗೆ ಮರ್ಯಾದೆ ಮಾಡುವುದು ಯಾವ ಅತಿಥಿಗಳಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನನ್ನ ಕೈ ಮುಚ್ಚಳದ ಕಡೆ ಅರ್ಧ ಹೋಗಿತ್ತು. ಚಿಗವ್ವ ಅದನ್ನು ಹಿಡಿದು, “ಏಳ್ರಿ, ಹೊರಗ ನಡೀರಿ,” ಎಂದಳು. ಅವಳ ಕೈ ತಣ್ಣಗಿತ್ತು.

ಹೊರಗಿನ ಮರದ ಬಾಕಿನ ಮೇಲೆ ಮೂವರೂ ಕೂತೆವು. ಊಟ ಬಿಟ್ಟು ಎದ್ದುಬಂದ ಗಿರಾಕಿಗಳನ್ನು ನೋಡಿ ಸುಬೇದಾರ ಕಕ್ಕಾಬಿಕ್ಕಿಯಾದ. ಚಿಗವ್ವ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಒಳಗೆ ಹಾಡು ನಡೆದೇ ಇತ್ತು. ಇಪ್ಪತ್ತು ವರ್ಷ ಬೋರಲು ಬಿದ್ದ ತಾಟನ್ನು ಚಿಗವ್ವ ಕೊನೆಗೂ ಅಂಗಾತ ಮಾಡಿದ್ದಾಳೆ, ಇಂಥ ಹೊತ್ತಿನಲ್ಲಿ ಮನುಷ್ಯನಾದವನಿಗೆ ದುಃಖವಾಗಬೇಕು. ನನಗೂ ಆಯಿತು. ಆದರೆ ಬೆಳಗಿನ ಒಂಬತ್ತಕ್ಕೆ ಎರಡು ರೊಟ್ಟಿ ತಿಂದ ಹೊಟ್ಟೆಗೆ ದುಃಖ ತಿಳಿಯುವುದಿಲ್ಲ. ಕೈ ತೊಳೆದು ಬರುತ್ತೇನೆಂದು ಹಿತ್ತಲ ಕಡೆಗೆ ಹೋಗಿ, ಅಡಿಗೆಮನೆಯನ್ನು ಹಾದು ಒಳಗೆ ನುಗ್ಗಿದೆ. ಒಂದೇ ಒಂದು ಚೂರು ಗಜ್ಜರಿ ತಿನ್ನುವುದು ನನ್ನ ವಿಚಾರ. ಮುಚ್ಚಳ ಎತ್ತಿದ್ದು ನೆನಪಿದೆ. ಗಜ್ಜರಿ ಬಾಯಿಗೆ ಹಾಕಿಕೊಂಡದ್ದು ನೆನಪಿದೆ. ಮುಂದೆ ನೆನಪಿರುವುದು ಬಾಕಿನ ಮೇಲೆ ಶಾಂತಾಳ ಪಕ್ಕದಲ್ಲಿ ಕೂತದ್ದು. ನಡುವಿನದು ಎಷ್ಟು ಯೋಚಿಸಿದರೂ ಸಿಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಚಿಗವ್ವ ಎದ್ದಳು. ಬಾಗಿಲ ಮುಂದೆ ನಿಂತು ಕೆಮ್ಮಿದಳು. ಒಳಗೆ ಹೋಗಿ ಮುಚ್ಚಳ ಎತ್ತಿದರೆ ಪಾತ್ರೆ ಖಾಲಿ. ಮೂವರು ಉಣ್ಣುವ ನುಚ್ಚಿನಲ್ಲಿ ಒಂದು ಕಾಳಿಲ್ಲ. ಬದನೆಕಾಯಿ ಹೋಳುಗಳು ಮಾತ್ರ, ಅಷ್ಟೂ, ಒಂದು ಅಂಚಿಗೆ ಒತ್ತರಿಸಿ ಸಾಲಾಗಿ ಇಟ್ಟಿದ್ದವು. ಚಿಗವ್ವ ಕುಕ್ಕರಗಾಲಿನಲ್ಲಿ ಕೂತು ಅವನ್ನೇ ನೋಡಿದಳು.

“ಬದನಿಕಾಯಿ ಮುಟ್ಟತಿದ್ದಿಲ್ಲ. ಲಗ್ನದ ಮರುದಿನಾನ ಹೇಳಿದ್ರು,” ಎಂದಳು. ಆಮೇಲೆ ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡು, ಇಪ್ಪತ್ತು ವರ್ಷದ ಅಳುವನ್ನೆಲ್ಲ ಅಲ್ಲೇ ಅತ್ತಳು. ಸುಬೇದಾರನೂ ಅತ್ತ. ಮುದುಕ ಹಾಡು ನಿಲ್ಲಿಸಿದ. ಒಳಗೆ ಯಾರು ಬಂದಿದ್ದರು ಎಂದು ಆಮೇಲೆ ಅವನನ್ನು ಗುಟ್ಟಾಗಿ ಕೇಳಿದರೆ, ಕೊಪ್ಪೆ ಹಾಕಿದ ಮೇಲೆ ತನಗೆ ತನ್ನ ಏಕತಾರಿ ಸಹ ಕಾಣುವುದಿಲ್ಲವೆಂದ. ಉಂಡವನು ನಾನೇ ಇರಬೇಕು, ಹೊಟ್ಟೆ ತುಂಬಿದ್ದಂತೂ ಖರೆ. ಆದರೆ ಬದನೆಕಾಯಿ ಎಂದರೆ ನನಗೆ ಪ್ರಾಣ. ಮನೆಯಲ್ಲಿ ಎಣಗಾಯಿ ಮಾಡಿದ ದಿನ ಶಾಂತಾ ತನ್ನ ಪಾಲನ್ನು ಮೊದಲೇ ಬಚ್ಚಿಡುತ್ತಾಳೆ. ಕಾಕಾಗೆ ಅದು ಸೇರುತ್ತಿರಲಿಲ್ಲ ಎಂಬುದು ಅಂದಿನವರೆಗೆ ನನಗೆ ತಿಳಿದೇ ಇರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಹೇಗೆ ಬಿಡಲಿ? ಒಂದು ಚೂರು ಗಜ್ಜರಿಯ ಕಳ್ಳತನ ಒಪ್ಪಿಕೊಂಡರೆ ಅವಳ ಅಳು ಸುಳ್ಳಾಗುತ್ತದೆ. ಆ ವರ್ಷ ಅಮಾವಾಸ್ಯೆಗೆ ಚಿಗವ್ವ ತಾನೇ ಮುಂದಾಗಿ ಕಾಕಾನ ತಾಟು ಬಡಿಸಿದಳು. ಅಪ್ಪ ಕಣ್ಣೊರೆಸಿಕೊಳ್ಳುತ್ತ ಹೊರಗೆ ನಡೆದ. ಎಲ್ಲರ ಹಿಂದೆ ನಾನೂ ಹೊರಟರೆ ಚಿಗವ್ವ ಹೊಸ್ತಿಲಲ್ಲಿ ನನ್ನ ರಟ್ಟೆ ಹಿಡಿದಳು. “ನೀ ಒಳಗ ಕುಂದ್ರು. ಅವತ್ತ ನಿನ್ನ ಮೀಸ್ಯಾಗ ನುಚ್ಚು ಇತ್ತು, ನಾ ನೋಡೇನಿ,” ಎಂದಳು. ನಾನು ಬೆವತು, ತಪ್ಪಾಯಿತು ಎನ್ನಹೋದೆ. ಅವಳು ಸಿಟ್ಟಾಗಿರಲಿಲ್ಲ. “ಅವರು ಇನ್ಯಾರ ಬಾಯಿಲೆ ಉಣಬೇಕಪ್ಪಾ?” ಎಂದು ಹೇಳಿ ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ತಾಟಿನ ಮುಂದೆ ಕೂತೆ. ಎರಡು ಹೋಳಿಗೆ, ಕಡಬು, ತುಪ್ಪ, ಝುಣಕ. ಕದ್ದು ತಿನ್ನುವಾಗ ಅಷ್ಟು ಸರಳವಾಗಿ ಇಳಿದಿದ್ದ ತುತ್ತು, ಕರೆದು ಕೂರಿಸಿದ ಮೇಲೆ ಕೈಗೇ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ನನಗೆ ಹಸಿವೆಯೇ ಇರಲಿಲ್ಲ. ಹೊರಗೆ ಚಿಗವ್ವ ಕಾಯುತ್ತಿದ್ದಾಳೆ. ಬಾಗಿಲು ತೆರೆದಾಗ ತಾಟು ತುಂಬಿದ್ದರೆ ಅವಳಿಗೆ ಏನು ಹೇಳಲಿ? ದೀಪದ ಆಚೆಗಿನ ಕತ್ತಲೆಗೆ ಮುಖ ಮಾಡಿ, ಹೊರಗೆ ಕೇಳದ ಹಾಗೆ, “ಕಾಕಾ, ನನ್ನ ಒಬ್ಬನ ಕೈಲೆ ಆಗೂದಿಲ್ಲ, ಲಗೂನ ಬರ್ರಿ,” ಎಂದೆ.